ಮೂರರಲ್ಲಿ ಎರಡು ಪಾಲು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ಅಂಚಿನಲ್ಲಿ, ಓಕ್‌ಲ್ಯಾಂಡ್ ಮಹಾನಗರಕ್ಕೆ ಮಗ್ಗುಲಾಗಿ, ಅಲಮೀಡಾ ಎಂಬ ದ್ವೀಪನಗರವೊಂದಿದೆ. ಸೇತುವೆಯನ್ನಾಗಲಿ ನೀರಿನಡಿಯ ಸುರಂಗವನ್ನಾಗಲಿ ದಾಟಿಯೇ ಆ ಊರನ್ನು ಸೇರಬೇಕು. ನೆರಳು ತುಂಬಿದ ಬೀದಿಗಳು, ಹತ್ತೊಂಬತ್ತನೆಯ ಶತಮಾನದ ಕುಸುರಿಗೆಲಸದ ಮರದ ಮನೆಗಳು, ೧೯೯೭ರಲ್ಲಿ ಮುಚ್ಚಿಹೋದ ನೌಕಾದಳದ ವಿಮಾನನೆಲೆ, ಇವಿಷ್ಟು ಅದರ ಗುರುತು. ೨೦೧೦ರ ಜೂನ್ ತಿಂಗಳಲ್ಲಿ ಅಲ್ಲಿನ ಮತದಾರರ ಮುಂದೆ ಒಂದು ಪ್ರಶ್ನೆಯನ್ನಿಡಲಾಯಿತು. ಊರಿನ ಸರ್ಕಾರಿ ಶಾಲೆಗಳಿಗಾಗಿ ಆಗಲೇ ನಡೆದುಬಂದಿದ್ದ ಎರಡು ಸಣ್ಣ ತೆರಿಗೆಗಳನ್ನು ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ಮನೆಯೊಂದಕ್ಕೆ ವರ್ಷಕ್ಕೆ ೬೫೯ ಡಾಲರುಗಳ ಒಂದೇ ತೆರಿಗೆಯನ್ನು ಎಂಟು ವರ್ಷ ಕಾಲ ತೆರಲು ಒಪ್ಪಿಗೆಯೆ?

ನೂರಕ್ಕೆ ಅರವತ್ತೈದಕ್ಕೂ ಮೀರಿದ ಮತಗಳು 'ಹೌದು' ಎಂದುವು. ಇಷ್ಟು ಬಹುಮತ ದೊರೆತರೆ ಯಾವ ದೇಶದ ಪ್ರಧಾನಿಯಾದರೂ ಹಿಗ್ಗಿ ಹೋದಾನು. ಆದರೆ ಅಲಮೀಡಾದಲ್ಲಿ ಆ ಪ್ರಸ್ತಾಪ ಬಿದ್ದುಹೋಯಿತು! ಕ್ಯಾಲಿಫೋರ್ನಿಯಾದ ಶಾಸನದಂತೆ ಇಂಥ ತೆರಿಗೆಗೆ ಮೂರರಲ್ಲಿ ಎರಡು ಪಾಲು, ಅಂದರೆ ನೂರಕ್ಕೆ ೬೬.೬೭ ಮತಗಳು ಬೇಕು. ಸುಮಾರು ಒಂದಂಶದ ಕೊರತೆಯಿಂದ ಸೋಲಾಯಿತು.

ಮನೆಯ ತೆರಿಗೆಗೂ ಮಕ್ಕಳ ಶಾಲೆಗೂ ಇರುವ ನಂಟು ಕನ್ನಡನಾಡಿನ ಗೃಹಸ್ಥರಿಗೆ ಕೊಂಚ ವಿಚಿತ್ರವಾಗಿ ತೋರಬಹುದು. ಬೆಂಗಳೂರಿನ ಮನೆಯೊಡೆಯನು ಕಂದಾಯದ ಚೀಟಿಯಲ್ಲಿ ಗ್ರಂಥಾಲಯದ ಕರವನ್ನು ಕಂಡಿರುತ್ತಾನೆ; ಅದು ೧೯೬೫ರ ಶಾಸನದ ಫಲ. ಭಿಕ್ಷಾಟನೆಯ ನಿವಾರಣೆಗೆಂದು ೧೯೭೫ರ ಶಾಸನ ತಂದ ಕರವನ್ನೂ ಕಂಡಿರುತ್ತಾನೆ. ಆದರೆ ಬೀದಿಯ ಕೊನೆಯ ಸರ್ಕಾರಿ ಶಾಲೆಯ ಉಪಾಧ್ಯಾಯರಿಗೆ ಸಂಬಳ ಬರುವುದು ಆ ಚೀಟಿಯಿಂದಲ್ಲ, ರಾಜ್ಯದ ಬೊಕ್ಕಸದಿಂದ. ಅಮೆರಿಕೆಯ ಸಂಪ್ರದಾಯ ಬೇರೆ. ಮ್ಯಾಸಚೂಸೆಟ್ಸ್ ವಸಾಹತು ೧೬೪೭ರಷ್ಟು ಹಿಂದೆಯೇ, ಐವತ್ತು ಮನೆಗಳಿರುವ ಪ್ರತಿ ಊರೂ ಮಕ್ಕಳಿಗೆ ಓದುಬರಹ ಕಲಿಸಲು ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳಬೇಕೆಂದೂ, ನೂರು ಮನೆಗಳಿದ್ದರೆ ವ್ಯಾಕರಣಶಾಲೆಯನ್ನು ತೆರೆಯಬೇಕೆಂದೂ ವಿಧಿಸಿತು. ಊರಿನ ಶಾಲೆಗೆ ಊರಿನದೇ ಹಣ ಎಂಬ ಭಾವನೆ ಅಂದಿನಿಂದ ಬೇರೂರಿತು. 'ಶಾಲಾ ಜಿಲ್ಲೆ' ಎಂಬುದು ಅಲ್ಲಿ ಬೇರೆಯೇ ಒಂದು ಪುಟ್ಟ ಸರ್ಕಾರ. ಅದಕ್ಕೆ ಚುನಾಯಿತ ಮಂಡಳಿಯುಂಟು, ತನ್ನದೇ ಗಡಿಯುಂಟು. ಕ್ಯಾಲಿಫೋರ್ನಿಯಾ ಒಂದರಲ್ಲೇ ಅಂಥವು ಒಂಬೈನೂರಕ್ಕೂ ಮಿಕ್ಕಿವೆ. ಆ ಗಡಿಯೊಳಗಿನ ನೆಲ ಮತ್ತು ಕಟ್ಟಡಗಳ ಮೇಲಿನ ತೆರಿಗೆಯೇ ಬಹುಕಾಲ ಶಾಲೆಯ ಜೀವನಾಧಾರವಾಗಿತ್ತು.

ಕೇಳುವುದಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಎಲ್ಲ ಊರುಗಳೂ ಒಂದೇ ಬಗೆಯವಲ್ಲವಷ್ಟೆ!

ಒಬ್ಬ ತಂದೆಯ ದಾವೆ

ಲಾಸ್ ಏಂಜಲೀಸಿನ ಪೂರ್ವಭಾಗದಲ್ಲಿ ಜಾನ್ ಸೆರಾನೋ ಎಂಬ ಸಮಾಜಸೇವಾ ಉದ್ಯೋಗಿ ವಾಸವಾಗಿದ್ದನು. ಮಗ ಚುರುಕಾದ ಹುಡುಗ. ಈ ಶಾಲೆಯಿಂದ ಅವನಿಗೆ ಪ್ರಯೋಜನವಿಲ್ಲ, ಸಾಧ್ಯವಾದರೆ ಬೇರೆ ಕಡೆಗೆ ಮನೆ ಬದಲಾಯಿಸಿರಿ ಎಂದು ಮುಖ್ಯೋಪಾಧ್ಯಾಯರೇ ಬುದ್ಧಿ ಹೇಳಿದರಂತೆ. ಸೆರಾನೋ ಮನೆಯನ್ನೂ ಬದಲಾಯಿಸಿದನು, ೧೯೬೮ರಲ್ಲಿ ದಾವೆಯನ್ನೂ ಹೂಡಿದನು. ಪ್ರತಿವಾದಿಗಳ ಪಟ್ಟಿಯಲ್ಲಿ ಮೊದಲ ಹೆಸರು ರಾಜ್ಯದ ಖಜಾನೆಯ ಮುಖ್ಯಾಧಿಕಾರಿಣಿ ಐವಿ ಬೇಕರ್ ಪ್ರೀಸ್ಟ್ ಅವರದು. ಈಕೆ ಹಿಂದೆ ಅಮೆರಿಕೆಯ ಕೇಂದ್ರ ಖಜಾನೆಯಲ್ಲಿದ್ದವರು. ಐವತ್ತರ ದಶಕದ ಡಾಲರ್ ನೋಟುಗಳ ಮೇಲೆ ಈಕೆಯ ರುಜುವೇ ಇದೆ. ಹಣದ ಮೇಲೆ ಹೆಸರಿದ್ದವರ ಮೇಲೆಯೇ ಹಣ ಸಾಲದೆಂಬ ದಾವೆ!

ಆ ಮೊಕದ್ದಮೆಯ ತೀರ್ಪಿನಲ್ಲಿ ೧೯೬೮-೬೯ರ ಕೆಲವು ಅಂಕೆಗಳಿವೆ. ಕೂಲಿಕಾರರೇ ಹೆಚ್ಚಾಗಿದ್ದ ಬಾಲ್ಡ್‌ವಿನ್ ಪಾರ್ಕಿನಲ್ಲಿ ಒಂದು ಮಗುವಿನ ಶಿಕ್ಷಣಕ್ಕೆ ವರ್ಷಕ್ಕೆ ೫೭೭ ಡಾಲರು ಖರ್ಚಾಗುತ್ತಿತ್ತು; ಸಿನಿಮಾ ತಾರೆಗಳ ಬೆವರ್ಲಿ ಹಿಲ್ಸಿನಲ್ಲಿ ೧೨೩೧ ಡಾಲರು. ಬಡವರು ತೆರಿಗೆ ಕೊಡಲು ಹಿಂಜರಿದುದರಿಂದ ಹೀಗಾಯಿತೆ? ಇಲ್ಲ. ಬಾಲ್ಡ್‌ವಿನ್ ಪಾರ್ಕಿನವರು ನೂರು ಡಾಲರಿನ ಅಂದಾಜು ಬೆಲೆಗೆ ೫.೪೮ ಡಾಲರು ತೆರುತ್ತಿದ್ದರು. ಬೆವರ್ಲಿ ಹಿಲ್ಸಿನವರು ೨.೩೮ ಮಾತ್ರ. ಬಡ ಊರಿನಲ್ಲಿ ಮಗುವೊಂದಕ್ಕೆ ೩,೭೦೬ ಡಾಲರಿನ ಆಸ್ತಿ, ಸಿರಿವಂತರ ಊರಿನಲ್ಲಿ ೫೦,೮೮೫ ಡಾಲರಿನ ಆಸ್ತಿ. ಎರಡರಷ್ಟು ಹೊರೆ ಹೊತ್ತವನಿಗೆ ಅರ್ಧ ಫಲ, ಅರ್ಧ ಹೊರೆ ಹೊತ್ತವನಿಗೆ ಎರಡರಷ್ಟು ಫಲ! ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ೧೯೭೧ರ ಆಗಸ್ಟಿನಲ್ಲಿ, ಮಗುವಿನ ವಿದ್ಯೆ ನೆರೆಹೊರೆಯವರ ಸಂಪತ್ತನ್ನು ಅವಲಂಬಿಸಕೂಡದೆಂದು ತೀರ್ಮಾನಿಸಿತು; ೧೯೭೬ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು.

ಇದೇ ದುಃಖವನ್ನು ಹೊತ್ತು ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಿಂದ ಡಿಮಿಟ್ರಿಯೋ ರಾಡ್ರಿಗೆಜ್ ಎಂಬ ತಗಡು ಕೆಲಸಗಾರನೂ ಹೊರಟನು. ಆತನ ದಾವೆ ವಾಷಿಂಗ್ಟನ್ನಿನ ಪರಮೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ೧೯೭೩ರ ಮಾರ್ಚಿಯಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ, ಕೇಂದ್ರ ಸಂವಿಧಾನದಲ್ಲಿ ಇದಕ್ಕೆ ಪರಿಹಾರವಿಲ್ಲವೆಂದು ಆತನನ್ನು ಬರಿಗೈಯಲ್ಲಿ ಕಳುಹಿಸಲಾಯಿತು. ಅಂದಿನಿಂದ ಪ್ರತಿ ರಾಜ್ಯವೂ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕಾಯಿತು.

ಜಾರ್ವಿಸ್ ಮಹಾಶಯನ ಉಪಟಳ

ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನೆಗಳ ಬೆಲೆ ಗಾಳಿಪಟದಂತೆ ಏರಿತು. ಬೆಲೆ ಏರಿದಂತೆ ಅಂದಾಜು ಏರಿತು, ಅಂದಾಜಿನೊಡನೆ ಕಂದಾಯ ಏರಿತು. ಪಿಂಚಣಿಯಲ್ಲಿ ಜೀವಿಸುವ ಮುದುಕಿಯ ಮನೆ ಕಾಗದದ ಮೇಲೆ ಲಕ್ಷ ಡಾಲರು ಬಾಳಿದರೆ ಆಕೆಗೇನು ಲಾಭ? ಮನೆಯನ್ನು ಮಾರುವವರೆಗೆ ಒಂದು ಕಾಸೂ ಕೈಗೆ ಬಾರದು. ತೆರಿಗೆಯ ನೋಟೀಸು ಮಾತ್ರ ವರ್ಷ ವರ್ಷವೂ ತಪ್ಪದೆ ಬರುತ್ತದೆ. ರಾಜ್ಯದ ಬೊಕ್ಕಸದಲ್ಲಿ ಆಗ ಶತಕೋಟಿಗಟ್ಟಲೆ ಡಾಲರು ಉಳಿತಾಯ ಕೂಡಿಬಿದ್ದಿದ್ದರೂ ಶಾಸನಸಭೆ ಈ ಗೋಳಿಗೆ ಕಿವಿಗೊಡಲು ತಡಮಾಡಿತು. ರಾಜಕಾರಣಿಗಳ ಈ ಅಲಕ್ಷ್ಯವೇ ಮುಂದಿನ ಅನರ್ಥಕ್ಕೆ ಮೂಲವೆಂದರೆ ತಪ್ಪಾಗದು.

ಹೋವರ್ಡ್ ಜಾರ್ವಿಸ್ ಎಂಬ ಎಪ್ಪತ್ತು ದಾಟಿದ ಮಾಜಿ ಕಾರ್ಖಾನೆದಾರನು ಪಾಲ್ ಗ್ಯಾನ್ ಎಂಬಾತನೊಡನೆ ಕೂಡಿ, ಜನರ ಸಹಿ ಸಂಗ್ರಹಿಸಿ, '೧೩ನೆಯ ಪ್ರಸ್ತಾಪ'ವನ್ನು ಜನಮತಕ್ಕೆ ತಂದನು. ೧೯೭೮ರ ಜೂನ್ ೬ರಂದು ನೂರಕ್ಕೆ ಸುಮಾರು ೬೫ರಷ್ಟು ಮತಗಳಿಂದ ಅದು ಗೆದ್ದಿತು. ಅದರ ವಿಧಿಗಳು ಸರಳ. ಆಸ್ತಿತೆರಿಗೆ ಬೆಲೆಯ ನೂರಕ್ಕೆ ಒಂದನ್ನು ಮೀರಕೂಡದು. ಅಂದಾಜು ೧೯೭೫-೭೬ರ ಮಟ್ಟಕ್ಕೆ ಇಳಿಯಬೇಕು. ಮುಂದೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚಾಗಿ ಏರಕೂಡದು, ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆಗೆ ಏರಬಹುದು. ನಿರ್ದಿಷ್ಟ ಕಾರ್ಯಕ್ಕಾಗಿ ಊರಿನವರು ವಿಶೇಷ ತೆರಿಗೆ ಹಾಕಿಕೊಳ್ಳುವುದಾದರೆ ಮೂರರಲ್ಲಿ ಎರಡು ಪಾಲು ಮತ ಬೇಕು. ಆಸ್ತಿತೆರಿಗೆಯ ಉತ್ಪತ್ತಿ ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಆ ಬೇಸಿಗೆಯಲ್ಲಿಯೇ ಎಷ್ಟೋ ಊರುಗಳ ಬೇಸಿಗೆ ಶಾಲೆಗಳು ತೆರೆಯಲೇ ಇಲ್ಲ. ಜಾರ್ವಿಸನ ಮುಖ 'ಟೈಮ್' ಪತ್ರಿಕೆಯ ಹೊದಿಕೆಯ ಮೇಲೆ ಬಂದಿತು. ಎರಡು ವರ್ಷದ ತರುವಾಯ 'ಏರ್‌ಪ್ಲೇನ್' ಎಂಬ ಹಾಸ್ಯಚಿತ್ರದಲ್ಲಿ ಅವನಿಗೆ ಒಂದು ಸಣ್ಣ ಪಾತ್ರವೂ ಸಿಕ್ಕಿತು. ಚಾಲಕನಿಲ್ಲದ ಟ್ಯಾಕ್ಸಿಯಲ್ಲಿ ಕುಳಿತು, ಮೀಟರು ಓಡುತ್ತಿರಲು, ಸುಮ್ಮನೆ ಕಾಯುವ ಪ್ರಯಾಣಿಕನ ಪಾತ್ರ!

ಮಕ್ಕಳ ಹಣವನ್ನು ಎಲ್ಲ ಊರುಗಳಿಗೂ ಸಮನಾಗಿ ಹಂಚಬೇಕೆಂಬ ಸೆರಾನೋ ತೀರ್ಪೇ ೧೩ನೆಯ ಪ್ರಸ್ತಾಪಕ್ಕೆ ದಾರಿಮಾಡಿತೆಂದು ವಿಲಿಯಂ ಫಿಶೆಲ್ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ತಾನು ತೆತ್ತ ಹಣ ತನ್ನೂರಿನ ಶಾಲೆಗೆ ದಕ್ಕದಿದ್ದ ಮೇಲೆ ಹೆಚ್ಚು ತೆರಲು ಯಾರಿಗೆ ಮನಸ್ಸು ಬಂದೀತು ಎಂಬುದು ಅವರ ತರ್ಕ. ಇದನ್ನು ಅಲ್ಲಗಳೆದವರೂ ಇದ್ದಾರೆ. ಅದೇನೇ ಇರಲಿ, ೧೯೭೮ರಿಂದಾಚೆಗೆ ಶಾಲೆಯ ಕೈಚೀಲದ ದಾರ ಊರಿನ ಕೈಯಿಂದ ತಪ್ಪಿ ರಾಜಧಾನಿ ಸ್ಯಾಕ್ರಮೆಂಟೋದ ಕೈಗೆ ಸೇರಿತೆಂಬುದರಲ್ಲಿ ಸಂದೇಹವಿಲ್ಲ. ರಾಜ್ಯದ ವರಮಾನವಾದರೋ ಬಹುಮಟ್ಟಿಗೆ ಆದಾಯತೆರಿಗೆಯದು. ಪೇಟೆ ಏರಿದಾಗ ಸುಗ್ಗಿ, ಇಳಿದಾಗ ಬರ. ೨೦೦೮ರ ಆರ್ಥಿಕ ಕುಸಿತದಲ್ಲಿ ಆ ಬರ ಬಂದೇ ಬಂದಿತು.

ಇನ್ನು ಅಕ್ಕಪಕ್ಕದ ಮನೆಗಳ ವೈಚಿತ್ರ್ಯವನ್ನು ನೋಡಿರಿ. ೧೯೭೫ರಲ್ಲಿ ೫೦,೦೦೦ ಡಾಲರು ಬಾಳುತ್ತಿದ್ದ ಮನೆಯೊಂದು ಇಂದಿಗೂ ಅದೇ ಒಡೆಯನಲ್ಲಿದೆಯೆಂದು ಭಾವಿಸೋಣ. ವರ್ಷಕ್ಕೆ ನೂರಕ್ಕೆ ಎರಡರಂತೆ ಐವತ್ತು ವರ್ಷ ಏರಿದರೂ ಅದರ ಅಂದಾಜು ಸುಮಾರು ೧,೩೫,೦೦೦ ಡಾಲರು, ತೆರಿಗೆ ೧,೩೫೦. ಅದರ ಅವಳಿಯಂತಿರುವ ಪಕ್ಕದ ಮನೆಯನ್ನು ಈಗ ಹದಿನೈದು ಲಕ್ಷ ಡಾಲರಿಗೆ ಕೊಂಡವನು ವರ್ಷಕ್ಕೆ ೧೫,೦೦೦ ಡಾಲರು ತೆರಬೇಕು. ಇಂಥದೇ ಅನ್ಯಾಯವೆಂದು ಲಾಸ್ ಏಂಜಲೀಸಿನ ಸ್ಟೆಫನಿ ನಾರ್ಡ್‌ಲಿಂಗರ್ ಎಂಬ ಮಹಿಳೆ ವಾಷಿಂಗ್ಟನ್ನಿನವರೆಗೆ ಹೋರಾಡಿದಳು. ೧೯೮೮ರಲ್ಲಿ ಮನೆ ಕೊಂಡ ಆಕೆ ಕೆಲವು ನೆರೆಯವರಿಗಿಂತ ಸುಮಾರು ಐದು ಪಟ್ಟು ತೆರುತ್ತಿದ್ದಳು. ೧೯೯೨ರಲ್ಲಿ ಪರಮೋಚ್ಚ ನ್ಯಾಯಾಲಯ ಎಂಟು ಮತ್ತು ಒಂದರ ಬಹುಮತದಿಂದ ೧೩ನೆಯ ಪ್ರಸ್ತಾಪವನ್ನೇ ಎತ್ತಿಹಿಡಿಯಿತು. ವ್ಯಾಪಾರದ ಕಟ್ಟಡಗಳನ್ನಾದರೂ ಈ ರಕ್ಷಣೆಯಿಂದ ಹೊರತರಬೇಕೆಂದು ೨೦೨೦ರಲ್ಲಿ ಮತಕ್ಕಿಟ್ಟ ಇನ್ನೊಂದು ಪ್ರಸ್ತಾಪವನ್ನೂ ಜನ ಒಪ್ಪಲಿಲ್ಲ.

ನಿವೇಶನದ ತೆರಿಗೆ

ಶತ ಪ್ರಯತ್ನದ ಮೇಲೆ ಶಾಲೆಗಳವರು ಕಂಡುಕೊಂಡ ಕಿಂಡಿಯೇ ನಿವೇಶನದ ತೆರಿಗೆ. ಬೆಲೆಯ ಮೇಲೆ ತೆರಿಗೆ ಹಾಕುವಂತಿಲ್ಲ. ಆದ್ದರಿಂದ ಬೆಲೆಯನ್ನು ಲೆಕ್ಕಿಸದೆ, ನಿವೇಶನವೊಂದಕ್ಕೆ ಇಷ್ಟು ಎಂದು, ಇಲ್ಲವೆ ಕಟ್ಟಡದ ಚದರಡಿಗೆ ಇಷ್ಟು ಎಂದು ಗೊತ್ತುಮಾಡುವುದು. ಗುಡಿಸಲಿಗೂ ಒಂದೇ, ಅರಮನೆಗೂ ಒಂದೇ ಎಂಬಂತಹ ಈ ತೆರಿಗೆ ಬಡವನಿಗೆ ಭಾರವಾಗುವುದು ಸಹಜ. ಅದಕ್ಕಾಗಿ ಅರವತ್ತೈದು ವರ್ಷ ದಾಟಿದವರಿಗೆ, ಅರ್ಜಿ ಕೊಟ್ಟರೆ, ವಿನಾಯಿತಿ ನೀಡುವುದು ಅನೇಕ ಊರುಗಳ ಪದ್ಧತಿ. ಜನರಿಗೆ ನಂಬಿಕೆ ಬರಲೆಂದು ಐದಾರು ವರ್ಷವೋ ಎಂಟೊಂಬತ್ತು ವರ್ಷವೋ ಎಂದು ಅವಧಿಯನ್ನೂ ನಿಗದಿಮಾಡುತ್ತಾರೆ. ಲೆಕ್ಕ ನೋಡಲು ನಾಗರಿಕರ ಸಮಿತಿಯೊಂದನ್ನು ನೇಮಿಸುತ್ತಾರೆ. ಅವಧಿ ಮುಗಿಯುವುದರೊಳಗಾಗಿ ಮತ್ತೆ ಜನರ ಮುಂದೆ ಹೋಗಿ ಕೈಯೊಡ್ಡಬೇಕು.

ಈ ನವೀಕರಣವೇ ಸಂಕಟದ ಘಳಿಗೆ. ತೆರಿಗೆ ಹೊಸದಲ್ಲ, ಒಂದು ಕಾಸೂ ಹೆಚ್ಚುವುದಿಲ್ಲ, ಆದರೂ ಸೋತರೆ ಇದ್ದುದೂ ಹೋಗುತ್ತದೆ. ಅದರಿಂದ ಸಂಬಳ ಪಡೆಯುತ್ತಿದ್ದ ಸಂಗೀತದ ಮೇಷ್ಟರು, ಗ್ರಂಥಪಾಲಕಿ, ಶಾಲೆಯ ದಾದಿ, ಆಪ್ತಸಲಹೆಗಾರ್ತಿ ಇವರೆಲ್ಲ ಆ ಮತಗಳ ಎಣಿಕೆಗೆ ಕಾದು ಕುಳಿತಿರುತ್ತಾರೆ. ಮೂರರಲ್ಲಿ ಎರಡು ಪಾಲು ಎಂಬುದನ್ನು ಬಿಡಿಸಿ ಹೇಳಿದರೆ, ಒಂದು 'ಬೇಡ'ವನ್ನು ತೊಡೆಯಲು ಎರಡು 'ಬೇಕು' ಬೇಕು. ಮತ್ತೊಂದು ಚೋದ್ಯವೆಂದರೆ, ೨೦೦೦ದಲ್ಲಿ ಜನರು ಒಪ್ಪಿದ ಇನ್ನೊಂದು ತಿದ್ದುಪಡಿಯ ಪ್ರಕಾರ ಶಾಲೆಯ ಕಟ್ಟಡಕ್ಕಾಗಿ ಸಾಲ ಎತ್ತಲು ನೂರಕ್ಕೆ ೫೫ ಮತ ಸಾಕು. ಕಟ್ಟಡವನ್ನು ಕಟ್ಟುವುದು ಸುಲಭ. ಅದರೊಳಗೆ ನಿಂತು ಪಾಠ ಹೇಳುವವರನ್ನು ಉಳಿಸಿಕೊಳ್ಳುವುದು ಕಷ್ಟ!

ಪ್ರಚಾರಕ್ಕೆ ಶಾಲೆಯ ಹಣವನ್ನು ಮುಟ್ಟುವಂತಿಲ್ಲ. ಸಾರ್ವಜನಿಕ ಹಣದಿಂದ ಮತ ಯಾಚಿಸಬಾರದೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವೇ ೧೯೭೬ರಲ್ಲಿ ಗೆರೆ ಎಳೆದಿದೆ. ಮಂಡಳಿ ನಿಷ್ಪಕ್ಷಪಾತವಾದ ವಿವರಗಳನ್ನು ಮಾತ್ರ ತಿಳಿಸಬಹುದು. ಆದ್ದರಿಂದ ದುಡಿಮೆಯೆಲ್ಲ ತಂದೆತಾಯಿಗಳ ಪಾಲಿಗೆ. ಸಂಜೆಯ ಹೊತ್ತು ಒಂದು ಮನೆಯಲ್ಲಿ ಕೂಡಿ ಮತದಾರರಿಗೆ ದೂರವಾಣಿ ಮಾಡುವುದು, ಶನಿವಾರ ಭಾನುವಾರ ಮನೆಮನೆಯ ಕದ ತಟ್ಟುವುದು, ಅಂಗಳದ ಹುಲ್ಲಿನಲ್ಲಿ ಫಲಕ ನೆಡುವುದು. ಮತದಾರರಿಗೆ ಮನೆಗೇ ಬರುವ ಸರ್ಕಾರಿ ಕೈಪಿಡಿಯಲ್ಲಿ ಪರವಾದವೂ ವಿರೋಧವಾದವೂ ಪಕ್ಕಪಕ್ಕದಲ್ಲಿ ಅಚ್ಚಾಗಿರುತ್ತವೆ. ಒಂದಕ್ಕೊಂದು ಕೊಟ್ಟ ಉತ್ತರವೂ ಇರುತ್ತದೆ. ಮತಪತ್ರದ ಮೇಲಿನ ಒಕ್ಕಣೆ ಮಾತ್ರ ೭೫ ಮಾತುಗಳನ್ನು ಮೀರುವಂತಿಲ್ಲ. ಆ ಎಪ್ಪತ್ತೈದು ಮಾತುಗಳನ್ನು ಅಳೆದು ಸುರಿದು ಜೋಡಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ.

ವಿರೋಧಿಗಳೆಲ್ಲರೂ ಜಿಪುಣರೆಂದು ತಿಳಿಯುವುದು ಅವಿವೇಕ. ಮಕ್ಕಳು ಬೆಳೆದು ದೂರ ಹೋದ ದಂಪತಿಗಳು, ಬಾಡಿಗೆಯ ಅಂಗಡಿಯ ಮಾಲೀಕರು ತೆರಿಗೆಯನ್ನು ತನ್ನ ಮೇಲೆಯೇ ಹೊರಿಸಿಯಾರೆಂದು ಹೆದರುವ ಸಣ್ಣ ವರ್ತಕ, ಹಿಂದಿನ ಹಣ ಹೇಗೆ ಖರ್ಚಾಯಿತೆಂದು ಕೇಳುವ ನಿವೃತ್ತ ಲೆಕ್ಕಿಗ, ಇವರ ಮಾತಿನಲ್ಲಿಯೂ ಹುರುಳಿದೆ. 'ತಾತ್ಕಾಲಿಕ' ಎಂದು ಹೇಳಿ ತಂದ ತೆರಿಗೆ ಮೂರು ಸಲ ನವೀಕರಣಗೊಂಡ ಮೇಲೆ ಆ ಮಾತಿಗೆ ಏನರ್ಥ ಉಳಿಯಿತೆಂದು ಅವರು ಕೇಳಿದರೆ ತಕ್ಕ ಉತ್ತರ ಕೊಡುವುದು ಸುಲಭವಲ್ಲ. ಆದರೆ ಒಳ್ಳೆಯ ಶಾಲೆಯಿರುವ ಬೀದಿಯಲ್ಲಿ ಮಕ್ಕಳಿಲ್ಲದವನ ಮನೆಗೂ ಬೆಲೆ ಬರುತ್ತದೆಂಬುದನ್ನು ಅವರೂ ಬಲ್ಲರು.

ಅಲಮೀಡಾದ ಮುಂದಿನ ಕಥೆ

೨೦೧೦ರ ಸೋಲಿನ ತರುವಾಯ ಅಲಮೀಡಾದ ಶಾಲಾ ಮಂಡಳಿ, ಹಣ ಬಾರದಿದ್ದರೆ ಹಲವು ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಉಳಿದವುಗಳಿಗೆ ತುಂಬಬೇಕಾದೀತೆಂಬ ಯೋಜನೆಯನ್ನು ಬಹಿರಂಗವಾಗಿ ಮುಂದಿಟ್ಟಿತು. ಇದು ಬೆದರಿಕೆಯೆಂದು ಕೆಲವರು, ಸತ್ಯವೆಂದು ಕೆಲವರು. ೨೦೧೧ರ ಮಾರ್ಚಿಯಲ್ಲಿ ಪ್ರಸ್ತಾಪವನ್ನು ಹೊಸ ಉಡುಪಿನಲ್ಲಿ ತರಲಾಯಿತು. ನಿವೇಶನಕ್ಕೊಂದು ಮೊತ್ತವೆಂಬುದನ್ನು ಬಿಟ್ಟು, ಕಟ್ಟಡದ ಚದರಡಿಗೆ ೩೨ ಸೆಂಟುಗಳು. ಬರಿಯ ನಿವೇಶನಕ್ಕೆ ೨೯೯ ಡಾಲರು. ಎಷ್ಟು ದೊಡ್ಡ ಕಟ್ಟಡವಾದರೂ ೭,೯೯೯ ಡಾಲರನ್ನು ಮೀರದು. ಒಂದೂವರೆ ಸಾವಿರ ಚದರಡಿಯ ಮನೆಗೆ ವರ್ಷಕ್ಕೆ ೪೮೦ ಡಾಲರಾಯಿತು. ಪ್ರಸ್ತಾಪ ಈ ಸಲ ಗೆದ್ದಿತು. ಮೂರರಲ್ಲಿ ಎರಡು ಪಾಲನ್ನು ದಾಟಿ, ಆದರೆ ಬಹಳವೇನೂ ದಾಟದೆ!

ಆ ವೇಳೆಗಾಗಲೇ ಹಳೆಯ ತೆರಿಗೆಯೊಂದು ನ್ಯಾಯಾಲಯದ ಕಟ್ಟೆ ಹತ್ತಿತ್ತು. ೨೦೦೮ರಲ್ಲಿ ಒಪ್ಪಿಗೆ ಪಡೆದ ಆ ತೆರಿಗೆ ಮನೆಗಳಿಗೆ ೧೨೦ ಡಾಲರೆಂದೂ, ದೊಡ್ಡ ವ್ಯಾಪಾರಿ ನಿವೇಶನಗಳಿಗೆ ಚದರಡಿಗೆ ೧೫ ಸೆಂಟಿನಂತೆ ೯,೫೦೦ ಡಾಲರುಗಳವರೆಗೂ ಎಂದು ಭೇದ ಮಾಡಿತ್ತು. ತೆರಿಗೆ ಎಲ್ಲರಿಗೂ ಏಕರೂಪವಾಗಿರಬೇಕೆಂಬ ಶಾಸನಕ್ಕೆ ಇದು ವಿರುದ್ಧವೆಂದು ೨೦೧೩ರಲ್ಲಿ ಮೇಲ್ಮನವಿಯ ನ್ಯಾಯಾಲಯ ಹೇಳಿತು. ಉಳ್ಳವನಿಂದ ಹೆಚ್ಚು, ಇಲ್ಲದವನಿಂದ ಕಡಮೆ ಎಂಬ ಲೋಕದ ನ್ಯಾಯಕ್ಕೆ ಆ ತೀರ್ಪು ಅಡ್ಡಬಂದಿತು. ಆ ಮೇಲೆ ರಾಜ್ಯದ ಉದ್ದಗಲಕ್ಕೂ ಶಾಲಾ ಮಂಡಳಿಗಳು ವಕೀಲರನ್ನು ಕೇಳದೆ ತೆರಿಗೆಯ ಒಂದು ಸಾಲನ್ನೂ ಬರೆಯದಂತಾದುವು.

೩೨ ಸೆಂಟಿನ ತೆರಿಗೆ ೨೦೧೬ರ ನವೆಂಬರಿನಲ್ಲಿ ನವೀಕರಣಗೊಂಡಿತು. ೨೦೨೦ರ ಮಾರ್ಚಿಯಲ್ಲಿ, ಉಪಾಧ್ಯಾಯರನ್ನು ಉಳಿಸಿಕೊಳ್ಳಲೆಂದು ಚದರಡಿಗೆ ೨೬.೫ ಸೆಂಟಿನ ಎರಡನೆಯ ತೆರಿಗೆಗೆ ಕೂದಲೆಳೆಯ ಅಂತರದಿಂದ ಒಪ್ಪಿಗೆ ದೊರೆಯಿತು. ಅದರ ಮೇಲೂ ದಾವೆ ನಡೆದು, ೨೦೨೩ರಲ್ಲಿ ಮೇಲ್ಮನವಿಯಲ್ಲಿ ಶಾಲೆಗಳ ಪರವಾಗಿ ತೀರ್ಪಾಯಿತು. ೨೦೨೪ರ ಮಾರ್ಚಿಯಲ್ಲಿ ಎರಡನ್ನೂ ಕೂಡಿಸಿ ಚದರಡಿಗೆ ೫೮.೫ ಸೆಂಟಿನ ಒಂದೇ ತೆರಿಗೆಯಾಗಿ ಊರಿನವರು ಮತ್ತೆ ಅಂಗೀಕರಿಸಿದರು.

ಎಲ್ಲ ಊರುಗಳಿಗೂ ಈ ಭಾಗ್ಯವಿಲ್ಲ. ಅಮೆರಿಕೆಯ ಎರಡನೆಯ ಅತಿ ದೊಡ್ಡ ಶಾಲಾ ಜಿಲ್ಲೆಯಾದ ಲಾಸ್ ಏಂಜಲೀಸಿನಲ್ಲಿ ೨೦೧೯ರ ಜನವರಿಯಲ್ಲಿ ಉಪಾಧ್ಯಾಯರು ಆರು ದಿನ ಮುಷ್ಕರ ಹೂಡಿದಾಗ ಊರಿಗೆ ಊರೇ ಅವರ ಬೆನ್ನಿಗೆ ನಿಂತಂತೆ ತೋರಿತ್ತು. ಐದು ತಿಂಗಳ ಬಳಿಕ ಚದರಡಿಗೆ ೧೬ ಸೆಂಟಿನ ತೆರಿಗೆಯನ್ನು ಮತಕ್ಕಿಟ್ಟಾಗ ಅರ್ಧದಷ್ಟು ಮತಗಳೂ ಬರಲಿಲ್ಲ. ನಿವೇಶನದ ತೆರಿಗೆ ಹೆಚ್ಚಾಗಿ ಗೆದ್ದಿರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಅನುಕೂಲವಂತರ ಊರುಗಳಲ್ಲಿ. ರಾಜ್ಯದ ಬಹುಪಾಲು ಶಾಲಾ ಜಿಲ್ಲೆಗಳಲ್ಲಿ ಅದು ಇಲ್ಲವೇ ಇಲ್ಲ. ಬಾಲ್ಡ್‌ವಿನ್ ಪಾರ್ಕಿಗೂ ಬೆವರ್ಲಿ ಹಿಲ್ಸಿಗೂ ಇದ್ದ ಹಳೆಯ ಅಂತರ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಬಡ ಮಕ್ಕಳು, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಹೆಚ್ಚು ಹಣ ಹರಿಯಲೆಂದು ರಾಜ್ಯವು ೨೦೧೩ರಲ್ಲಿ ಹೊಸ ಹಂಚಿಕೆಯ ಸೂತ್ರವನ್ನು ತಂದು ಆ ಅಂತರವನ್ನು ಕೊಂಚಮಟ್ಟಿಗೆ ತಗ್ಗಿಸಿದೆ.

ಕೊಲ್ಲಿಯ ಸುತ್ತಣ ಸನಿವೇಲ್, ಕೂಪರ್ಟಿನೋ, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ಇಂದು ಕನ್ನಡದ ಸಂಸಾರಗಳು ಬೇಕಾದಷ್ಟಿವೆ. ಅಲ್ಲಿಯ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ೧೯೭೩ರಷ್ಟು ಹಳೆಯದು. ಶಾಲೆ ಒಳ್ಳೆಯದೆಂದು ಕೇಳಿಯೇ ದುಬಾರಿಯ ಮನೆ ಕೊಂಡವರು ಅವರಲ್ಲಿ ಕಡಮೆಯಿಲ್ಲ. ಮಾರಾಟದೊಡನೆ ಅಂದಾಜು ಹೊಸ ಬೆಲೆಗೆ ಏರುವುದರಿಂದ, ಬೀದಿಯಲ್ಲೆಲ್ಲ ಹೆಚ್ಚು ಕಂದಾಯ ತೆರುವವನು ಹೊಸದಾಗಿ ಬಂದವನೇ. ಆದರೆ ಉದ್ಯೋಗದ ವೀಸಾದಲ್ಲಿ ನೆಲೆಸಿರುವವನಿಗೆ, ಆ ದೇಶದ ಪೌರತ್ವ ದೊರೆಯುವವರೆಗೆ, ತೆರಿಗೆಯ ಪ್ರಶ್ನೆಯಲ್ಲಿ ಮತವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರ ೨೦೧೬ರ ನಿರ್ಣಯವೊಂದರಿಂದ ಪೌರರಲ್ಲದ ತಂದೆತಾಯಿಗಳಿಗೂ ಶಾಲಾ ಮಂಡಳಿಯ ಸದಸ್ಯರನ್ನು ಆರಿಸುವ ಹಕ್ಕನ್ನು ಕೊಟ್ಟಿತು. ತೆರಿಗೆಯ ಮತಪತ್ರ ಅದರಲ್ಲಿ ಸೇರಲಿಲ್ಲ. ಮಗುವನ್ನು ಅದೇ ಶಾಲೆಗೆ ಕಳುಹಿಸುತ್ತ, ವರ್ಷಕ್ಕೆ ಎರಡು ಕಂತುಗಳಲ್ಲಿ ಪೂರ್ತಿ ಕಂದಾಯ ಕಟ್ಟುತ್ತ ಇರುವ ಈ ಗೃಹಸ್ಥನು, ನವೀಕರಣದ ವರ್ಷ ಬಂದಾಗ ಮಾಡಬಹುದಾದುದು ಇಷ್ಟೆ: ಮತವುಳ್ಳ ನೆರೆಯವನ ಕದವನ್ನು ತಟ್ಟಿ, ಕೈಗೆ ಒಂದು ಕರಪತ್ರವನ್ನು ಕೊಟ್ಟು ಬರುವುದು.